ಕೋಲಿಗೇರಿದ ಕೌದಿ

ಹಾಸಿಗೆಯ ಮೇಲೆ ಹರಡಿದ ಹೊದಿಕೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಚಳಿ ತಡೆದರೆ ಅದರ ಕೆಲಸ ಮುಗಿಯಿತು. ಅದೇ ಹೊದಿಕೆಯನ್ನು ನಾಲ್ಕು ಜನ ಓಡಾಡುವ ಕಡೆ ಒಂದು ಕೋಲಿಗೆ ತೂಗುಹಾಕಿದರೆ ಸಾಕು, ಪ್ರಶ್ನೆಗಳು ಏಳುತ್ತವೆ. ಬೆಲೆ ಎಷ್ಟು? ಎಲ್ಲಿಯದು? ಹೊಲಿದವರು ಯಾರು? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಕೊನೆಯದನ್ನು ಕೇಳುವವರು ಕಡಿಮೆ. ಅಮೆರಿಕದವರು ಕ್ವಿಲ್ಟ್ ಎಂದು ಕರೆಯುವ ಹೊದಿಕೆ, ನಮ್ಮ ಕೌದಿಯ ದೂರದ ಸೋದರಿ, ಮನೆಯಿಂದ ಮಳಿಗೆಗೆ ಬಂದ ಚರಿತ್ರೆಯನ್ನು ಓದುತ್ತ ಹೋದಂತೆಲ್ಲ ನನಗೆ ಒಂದು ಮಾತು ಸ್ಪಷ್ಟವಾಗುತ್ತ ಬಂದಿತು: ಮಳಿಗೆಯನ್ನು ಹೇಗೆ ಸಿಂಗರಿಸಿದರು ಎಂಬುದರ ಕಥೆಯೂ, ಹೊಲಿದವಳ ಹೆಸರು ಉಳಿಯಿತೋ ಅಳಿಯಿತೋ ಎಂಬುದರ ಕಥೆಯೂ ಬೇರೆ ಬೇರೆಯಲ್ಲ.

ಕ್ವಿಲ್ಟ್ ಎಂಬುದು ಮೂರು ಪದರದ ವಸ್ತು. ಮೇಲೆ ಬಟ್ಟೆಯ ಚೂರುಗಳನ್ನು ಕೂಡಿಸಿ ಮಾಡಿದ ಚಿತ್ತಾರ, ನಡುವೆ ಅರಳೆ, ಕೆಳಗೆ ಅಡಿಬಟ್ಟೆ. ಮೂರನ್ನೂ ಬಿಗಿದು ಹಿಡಿಯುವುದು ಸಾಲುಸಾಲಾದ ಹೊಲಿಗೆ. ನಮ್ಮ ಕೌದಿಯಲ್ಲಿ ಅರಳೆಯ ಜಾಗದಲ್ಲಿ ಹಳೆಯ ಸೀರೆ, ಧೋತರಗಳ ಮಡಿಕೆಗಳಿರುತ್ತವೆ. ಮಿಕ್ಕ ತತ್ವವೆಲ್ಲ ಒಂದೇ. ಎರಡೂ ಮನೆಗೆಲಸದ ಬಿಡುವಿನಲ್ಲಿ ಹೆಂಗಸರ ಮಡಿಲಲ್ಲಿ ಬೆಳೆದವು. ಇಂಥ ಮನೆಯೊಳಗಿನ ಪದಾರ್ಥ ಬೀದಿಗೆ ಬರಬೇಕಾದರೆ ಬಲವಾದ ಒಂದು ಕಾರಣ ಬೇಕಾಗಿತ್ತು. ಅಮೆರಿಕದಲ್ಲಿ ಆ ಕಾರಣಗಳಲ್ಲಿ ಒಂದು, ಗುಲಾಮಗಿರಿಯ ವಿರುದ್ಧ ನಡೆದ ಹೋರಾಟ.

1834ರಲ್ಲಿ ಬಾಸ್ಟನ್ ನಗರದ ಗುಲಾಮಗಿರಿ ವಿರೋಧಿ ಮಹಿಳೆಯರು ಒಂದು ಮೇಳವನ್ನು ಆರಂಭಿಸಿದರು. ತಮ್ಮ ಕೈಯಾರೆ ಮಾಡಿದ ವಸ್ತುಗಳನ್ನು ಮೇಜುಗಳ ಮೇಲೆ ಜೋಡಿಸಿ, ಮಾರಿ, ಬಂದ ಹಣವನ್ನು ಚಳವಳಿಗೆ ಕೊಡುವುದು ಅವರ ಉದ್ದೇಶ. ಮೇಜಿನ ಮೇಲಿನ ವಸ್ತುಗಳೇ ಪ್ರಚಾರಕರಾದವು. ಸೂಜಿಯ ಚೀಲಗಳ ಮೇಲೆ, ಈ ಸೂಜಿಗಳು ಒಡೆಯರ ಅಂತಃಸಾಕ್ಷಿಯನ್ನು ಚುಚ್ಚಲಿ ಎಂಬ ಅರ್ಥದ ಬರಹವಿತ್ತು. 1836ರ ಮೇಳಕ್ಕೆ ಪ್ರಸಿದ್ಧ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ತೊಟ್ಟಿಲಿಗೆ ಹೊದಿಸುವ ಒಂದು ಪುಟ್ಟ ಕ್ವಿಲ್ಟನ್ನು ಹೊಲಿದುಕೊಟ್ಟಳು. ಅದರ ತುಂಬ ನಕ್ಷತ್ರಗಳು. ನಡುವಿನ ನಕ್ಷತ್ರದಲ್ಲಿ ಶಾಯಿಯಿಂದ ಬರೆದ ಕೆಲವು ಸಾಲುಗಳು. ನಿನ್ನ ಕೂಸನ್ನು ಬೆಚ್ಚಗೆ ಮಲಗಿಸುವಾಗ, ಮಡಿಲಿನಿಂದ ಕೂಸನ್ನು ಕಿತ್ತುಕೊಳ್ಳಲಾದ ಗುಲಾಮ ತಾಯಿಯನ್ನು ನೆನೆ, ಎಂಬುದು ಅವುಗಳ ಭಾವ. ಆ ಕಾಲದ ಅಮೆರಿಕದ ಹತ್ತಿಯ ಬಹುಪಾಲನ್ನು ಬಿಡಿಸಿದ ಕೈಗಳು ಗುಲಾಮರವು ಎಂಬುದನ್ನು ನೆನೆದರೆ, ಹತ್ತಿಬಟ್ಟೆಯ ಮೇಲೆಯೇ ಬರೆದ ಆ ಮಾತಿನ ಮೊನೆ ಎಂಥದೆಂದು ತಿಳಿಯುತ್ತದೆ. ಆ ಕ್ವಿಲ್ಟು ಬಾಸ್ಟನ್ನಿನ ಪುರಾತತ್ವ ಸಂಸ್ಥೆಯೊಂದರ ಸಂಗ್ರಹದಲ್ಲಿ ಉಳಿದುಬಂದಿದೆ. ಹೊಲಿದವಳ ಹೆಸರೂ ಉಳಿದಿದೆ. ಏಕೆಂದರೆ ಆಕೆ ಮೊದಲೇ ಹೆಸರಾಂತವಳು.

ಮುಂದೆ ಅಂತರ್ಯುದ್ಧ ಬಂದಿತು. ಗಾಯಗೊಂಡ ಸೈನಿಕರ ಆರೈಕೆಗೆ ಹಣ ಕೂಡಿಸಲು ಉತ್ತರದ ನಗರಗಳಲ್ಲಿ ಭಾರಿ ಮೇಳಗಳು ನಡೆದವು. 1863ರಲ್ಲಿ ಶಿಕಾಗೋದಲ್ಲಿ ಮೇರಿ ಲಿವರ್‌ಮೋರ್ ಮತ್ತು ಜೇನ್ ಹೋಗ್ ಎಂಬ ಇಬ್ಬರು ಮಹಿಳೆಯರು ನಡೆಸಿದ ಮೇಳಕ್ಕೆ ಅಧ್ಯಕ್ಷ ಲಿಂಕನ್ ವಿಮೋಚನಾ ಘೋಷಣೆಯ ತನ್ನ ಹಸ್ತಪ್ರತಿಯನ್ನೇ ಕಳುಹಿಸಿಕೊಟ್ಟ. ಅದು 3,000 ಡಾಲರಿಗೆ ಮಾರಾಟವಾಯಿತು. ಇಂಥ ಮೇಳಗಳಲ್ಲಿ ಕ್ವಿಲ್ಟುಗಳಿಗೂ ಜಾಗವಿತ್ತು. ಆ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಪದ್ಧತಿಯೂ ಬಳಕೆಗೆ ಬಂದಿತು. ಚರ್ಚಿಗೋ ಸಂಘಕ್ಕೋ ಸಣ್ಣ ಕಾಣಿಕೆ ಕೊಟ್ಟವರ ಹೆಸರನ್ನು ಕ್ವಿಲ್ಟಿನ ಮೇಲೆ ದಾರದಲ್ಲಿ ಹೊಲಿಯುವುದು, ಅನಂತರ ಆ ಕ್ವಿಲ್ಟನ್ನು ಹರಾಜು ಹಾಕುವುದು. ಒಂದೊಂದರ ಮೇಲೆ ನೂರಾರು ಹೆಸರುಗಳು. ದೇವಸ್ಥಾನದ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸುವ ನಮಗೆ ಇದು ಅಪರಿಚಿತವಲ್ಲ. ಕಲ್ಲು ಕೆತ್ತಿದವನ ಹೆಸರು ಅಲ್ಲಿ ಹೇಗಿರುವುದಿಲ್ಲವೋ ಹಾಗೆಯೇ, ನೂರಾರು ಹೆಸರುಗಳನ್ನು ಹೊಲಿದ ಹೆಂಗಸಿನ ಹೆಸರು ಎಷ್ಟೋ ಕ್ವಿಲ್ಟುಗಳಲ್ಲಿ ಸಿಕ್ಕುವುದಿಲ್ಲ.

ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲಿನ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾಗದು. 1886ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ ಹತ್ತಿಯ ಜಾತ್ರೆಯೊಂದು ನಡೆಯಿತು. ಅಲ್ಲಿ ತೂಗುಹಾಕಿದ್ದ ಕ್ವಿಲ್ಟೊಂದು ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿಯ ಕಣ್ಣನ್ನು ಹಿಡಿದು ನಿಲ್ಲಿಸಿತು. ಹನ್ನೊಂದು ಚೌಕಗಳಲ್ಲಿ ಬೈಬಲ್ಲಿನ ಕಥೆಗಳು. ಮನುಷ್ಯರು, ಪ್ರಾಣಿಗಳು, ನಕ್ಷತ್ರಗಳು, ಎಲ್ಲವೂ ಬಟ್ಟೆಯಲ್ಲಿ ಕತ್ತರಿಸಿ ಅಂಟುಹೊಲಿಗೆ ಹಾಕಿದವು. ಹೊಲಿದವಳು ಹ್ಯಾರಿಯೆಟ್ ಪವರ್ಸ್. 1837ರಲ್ಲಿ ಗುಲಾಮಳಾಗಿಯೇ ಹುಟ್ಟಿದ ಹೆಣ್ಣು. ಸ್ಮಿತ್ ಕೊಳ್ಳಲು ಕೇಳಿದಳು. ಎಷ್ಟು ಕೊಟ್ಟರೂ ಮಾರುವುದಿಲ್ಲ ಎಂದು ಉತ್ತರ ಬಂದಿತು.

ಕೆಲವು ವರ್ಷ ಕಳೆದವು. ಪವರ್ಸಳ ಮನೆಗೆ ಕಷ್ಟಕಾಲ ಬಂದಿತು. ಆಕೆ ಕ್ವಿಲ್ಟನ್ನು ಚೀಲದಲ್ಲಿ ಸುತ್ತಿ, ಎತ್ತಿನ ಬಂಡಿಯಲ್ಲಿ ಕುಳಿತು, ಸ್ಮಿತ್ ಇದ್ದಲ್ಲಿಗೆ ಬಂದಳು. ಕೇಳಿದ್ದು 10 ಡಾಲರು. ಆಕೆ ಕೊಡಬಲ್ಲೆನೆಂದದ್ದು 5. ಗಂಡನ ಜೊತೆ ಮಾತಾಡಿ, ಬೇರೆ ದಾರಿಯಿಲ್ಲದೆ ಪವರ್ಸ್ ಒಪ್ಪಿದಳು. ಕೊಟ್ಟು ಸುಮ್ಮನೆ ಹೋಗಲಿಲ್ಲ. ಒಂದೊಂದು ಚೌಕದ ಕಥೆಯನ್ನೂ ಬಿಡಿಸಿ ಹೇಳಿದಳು, ಸ್ಮಿತ್ ಬರೆದುಕೊಂಡಳು. ಆಮೇಲೂ ತನ್ನ ಕ್ವಿಲ್ಟನ್ನು ನೋಡಲು ಕೆಲವು ಸಲ ಬಂದು ಹೋದಳಂತೆ. ಕೊಟ್ಟ ಮಗಳನ್ನು ನೋಡಲು ಹೋಗುವ ತಾಯಿಯ ನೆನಪಾಗುವುದಿಲ್ಲವೆ? 1895ರಲ್ಲಿ ಅಟ್ಲಾಂಟಾ ನಗರದ ಮಹಾಪ್ರದರ್ಶನದಲ್ಲಿ, ಆಫ್ರಿಕನ್ ಅಮೆರಿಕನ್ನರಿಗೆಂದು ಪ್ರತ್ಯೇಕವಾಗಿ ಕಟ್ಟಿದ್ದ ಸೌಧದಲ್ಲಿ, ಸ್ಮಿತ್ ಅದನ್ನು ಪ್ರದರ್ಶಿಸಿದಳು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಕ್ವಿಲ್ಟು ಉಳಿದದ್ದು ಐದು ಡಾಲರಿನಿಂದ. ಅದರ ಅರ್ಥ ಉಳಿದದ್ದು ಮಾತ್ರ ಸ್ಮಿತ್ ಬರೆದುಕೊಂಡ ಆ ಟಿಪ್ಪಣಿಯಿಂದ. ಮಳಿಗೆಯಲ್ಲಿ ತೂಗುವ ವಸ್ತುವಿನ ಪಕ್ಕದಲ್ಲಿ ಒಂದು ಚೀಟಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವನ್ನು ನಾನು ಹುಡುಕಲಾರೆ.

ಇನ್ನು ಇದಕ್ಕೆ ಎದುರಾದ ಕಥೆ. 1933ರಲ್ಲಿ ಶಿಕಾಗೋ ನಗರದಲ್ಲಿ ‘ಶತಮಾನದ ಪ್ರಗತಿ’ ಎಂಬ ವಿಶ್ವಮೇಳ ನಡೆಯಿತು. ಅಂಚೆಯ ಮೂಲಕ ವ್ಯಾಪಾರ ಮಾಡಿ ದೇಶದ ಮೂಲೆಮೂಲೆಯನ್ನು ಮುಟ್ಟಿದ್ದ ಸಿಯರ್ಸ್ ಕಂಪನಿ ತನ್ನ ಮಂಟಪವನ್ನು ಸಿಂಗರಿಸಲು ಒಂದು ರಾಷ್ಟ್ರೀಯ ಕ್ವಿಲ್ಟ್ ಸ್ಪರ್ಧೆಯನ್ನು ಸಾರಿತು. ಜನವರಿಯಲ್ಲಿ ಪ್ರಕಟಣೆ, ಮೇ 15ಕ್ಕೆ ಕೊನೆಯ ದಿನ. ಮೊದಲ ಬಹುಮಾನ 1,000 ಡಾಲರು. ಆಗ ಅಮೆರಿಕದಲ್ಲಿ ಮಹಾ ಮುಗ್ಗಟ್ಟು. ದುಡಿಯುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಕೆಲಸವಿಲ್ಲದೆ ಕುಳಿತಿದ್ದರು. ಬಂದ ಕ್ವಿಲ್ಟುಗಳು 24 ಸಾವಿರಕ್ಕೂ ಹೆಚ್ಚು! ನಾಲ್ಕು ತಿಂಗಳಲ್ಲಿ ದೀಪದ ಬೆಳಕಿನಲ್ಲಿ ಎಷ್ಟು ಕಣ್ಣುಗಳು ದಣಿದಿರಬೇಕು! ಪ್ರಗತಿಯ ವಿಷಯವನ್ನೇ ಚಿತ್ರಿಸಿದರೆ ಹೆಚ್ಚಿನ ಬಹುಮಾನವುಂಟು ಎಂದು ಹೇಳಿದ್ದರಿಂದ ಹಲವರು ವಿಮಾನ, ರೈಲು, ಗಗನಚುಂಬಿ ಕಟ್ಟಡಗಳನ್ನೆಲ್ಲ ಬಟ್ಟೆಯಲ್ಲಿ ಬಿಡಿಸಿದರು. ತೀರ್ಪುಗಾರರ ಮನಸ್ಸು ಹಳೆಯ ಮಾದರಿಗಳ ಕಡೆಗೇ ವಾಲಿತು. ಗೆದ್ದದ್ದು ಕೆಂಟಕಿ ರಾಜ್ಯದಿಂದ ಬಂದ ಒಂದು ನಕ್ಷತ್ರದ ಕ್ವಿಲ್ಟು. ಅಂತಿಮ ಸುತ್ತಿನ 30 ಕ್ವಿಲ್ಟುಗಳು ಮಂಟಪವನ್ನು ಅಲಂಕರಿಸಿದವು. ಗೆದ್ದ ಕ್ವಿಲ್ಟನ್ನು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರಿಗೆ ಕಾಣಿಕೆಯಾಗಿ ಕೊಡಲಾಯಿತು.

ಬಹುಮಾನ ಪಡೆದವಳು ಮಾರ್ಗರೆಟ್ ಕೇಡನ್. ಆದರೆ ಆ ಕ್ವಿಲ್ಟಿಗೆ ಆಕೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಹೊಲಿಗೆಯ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿದ್ದ ಆಕೆ ಕೆಂಟಕಿಯ ಬಡ ಹೆಂಗಸರಿಗೆ ಕೂಲಿ ಕೊಟ್ಟು ಮಾಡಿಸಿದ್ದಳು. ಚೂರು ಜೋಡಿಸಿದವರು ಒಬ್ಬರು, ಹೊಲಿಗೆ ಹಾಕಿದವರು ಇನ್ನೊಬ್ಬರು. ಅವರಿಗೆ ಸಿಕ್ಕಿದ್ದು ಮಾಮೂಲಿನ ಕೂಲಿ. ಬಹುಮಾನದ ಹಣದಲ್ಲಿ ಬಿಡಿಗಾಸೂ ಇಲ್ಲ. ಅವರು ಬಾಯಿ ಬಿಡಲಿಲ್ಲ. ಮುಗ್ಗಟ್ಟಿನ ಕಾಲದಲ್ಲಿ ನಾಳೆಯ ಕೆಲಸ ಕೊಡುವವಳ ವಿರುದ್ಧ ಮಾತಾಡುವುದು ಹೇಗೆ? ಕ್ವಿಲ್ಟುಗಳ ಚರಿತ್ರೆಯನ್ನು ಶೋಧಿಸಿದ ಮೆರಿಕೇ ವಾಲ್ಡ್‌ವೊಗೆಲ್ ಮತ್ತು ಬಾರ್ಬರಾ ಬ್ರ್ಯಾಕ್‌ಮನ್ ಎಂಬ ಸಂಶೋಧಕಿಯರು 1993ರಲ್ಲಿ ಈ ಸ್ಪರ್ಧೆಯ ಮೇಲೆ ಪುಸ್ತಕ ಬರೆದಾಗ ಸಂಗತಿ ವಿವರವಾಗಿ ಲೋಕಕ್ಕೆ ತಿಳಿಯಿತು; ಅಷ್ಟರಲ್ಲಿ ಅರುವತ್ತು ವರ್ಷ ಕಳೆದಿತ್ತು. ಮಂಟಪದ ಸಿಂಗಾರ ಎಷ್ಟು ಚೆನ್ನಾಗಿದ್ದರೇನು, ಚೀಟಿಯ ಮೇಲಿದ್ದದ್ದು ತಪ್ಪು ಹೆಸರು.

1971ರಲ್ಲಿ ಕ್ವಿಲ್ಟು ಇನ್ನೊಂದು ವೇಷ ತೊಟ್ಟಿತು. ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದಲ್ಲಿ ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ತಾವು ಕೂಡಿಹಾಕಿದ್ದ ಸುಮಾರು 60 ಕ್ವಿಲ್ಟುಗಳನ್ನು ಬಿಳಿಯ ಗೋಡೆಗೆ ತೂಗುಹಾಕಿದರು. ಮಂಚವಿಲ್ಲ, ದಿಂಬಿಲ್ಲ, ಜಾತ್ರೆಯ ಗದ್ದಲವಿಲ್ಲ. ಆಧುನಿಕ ವರ್ಣಚಿತ್ರಗಳ ಹಾಗೆ ಒಂದೊಂದಕ್ಕೂ ಸುತ್ತ ಬಯಲು ಬಿಟ್ಟಿದ್ದರು. ಜನ ಬೆರಗಾದರು, ಪತ್ರಿಕೆಗಳ ಕಲಾ ವಿಮರ್ಶಕರು ಹೊಗಳಿದರು. ಅಜ್ಜಿಯ ಹೊದಿಕೆ ಎಂದುಕೊಂಡಿದ್ದು ಕಲೆಯಾಯಿತು. ಬಿಳಿಯ ಗೋಡೆಯೂ ಒಂದು ಅಲಂಕಾರವೇ ಎಂಬುದನ್ನು ನಾವು ಮರೆಯಬಾರದು. ಏನೂ ಇಲ್ಲದಿರುವುದರಿಂದಲೇ ಅದು ಗೌರವವನ್ನು ಹುಟ್ಟಿಸುತ್ತದೆ. ಆದರೂ ಆ ಕ್ವಿಲ್ಟುಗಳನ್ನು ಹೊಲಿದವರಲ್ಲಿ ಹೆಚ್ಚಿನವರು ಅಜ್ಞಾತರಾಗಿಯೇ ಉಳಿದರು. ಕಲೆಗೆ ಮನ್ನಣೆ ಸಿಕ್ಕಿತು, ಕಲಾವಿದೆಗೆ ಸಿಕ್ಕಲಿಲ್ಲ.

ಈ ಬೆರಗಿನ ಬೆನ್ನ ಹಿಂದೆಯೇ ವ್ಯಾಪಾರ ಬೆಳೆಯಿತು. ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕೇರಿ ಬ್ರೆಸೆನ್‌ಹ್ಯಾನ್ ಎಂಬ ಮಹಿಳೆ 1974ರಲ್ಲಿ ತನ್ನ ಅಂಗಡಿಯ ಗಿರಾಕಿಗಳಿಗಾಗಿ ಒಂದು ಸಣ್ಣ ಕ್ವಿಲ್ಟ್ ಮೇಳ ನಡೆಸಿದಳು. ಅದೇ ಮುಂದೆ ಪ್ರಪಂಚದ ನಾನಾ ದೇಶಗಳಿಂದ ಜನರನ್ನು ಸೆಳೆಯುವ ಉತ್ಸವವಾಯಿತು. 1979ರಲ್ಲಿ ಅದರ ಜೊತೆಗೆ ಸಗಟು ವ್ಯಾಪಾರದ ಮೇಳವೊಂದು ಹುಟ್ಟಿಕೊಂಡಿತು. ಇದಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬರುವವರು ಊರೂರಿನ ಅಂಗಡಿಗಳ ಒಡೆಯರು ಮತ್ತು ಒಡತಿಯರು. ಮುಂದಿನ ಕೆಲವು ತಿಂಗಳು ತಮ್ಮ ಅಂಗಡಿಯಲ್ಲಿ ಯಾವ ಬಟ್ಟೆ, ಯಾವ ಮಾದರಿ, ಯಾವ ದಾರ ಇಡಬೇಕೆಂದು ನಿರ್ಧರಿಸುವುದು ಇಲ್ಲಿಯೇ.

ಇಂಥ ಮೇಳಗಳ ಮಳಿಗೆಯ ಲೆಕ್ಕಾಚಾರ ಸ್ವಾರಸ್ಯವಾದದ್ದು. ಸಾಮಾನ್ಯ ಮಳಿಗೆ ಎಂದರೆ 10 ಅಡಿ ಉದ್ದ, 10 ಅಡಿ ಅಗಲದ ನೆಲ. ಹಿಂದೆ ಕೊಳವೆಗಳಿಗೆ ಇಳಿಬಿಟ್ಟ 8 ಅಡಿ ಎತ್ತರದ ಪರದೆ. ಎರಡು ಪಕ್ಕಗಳಲ್ಲಿ ನೆರೆಯವರ ನೋಟಕ್ಕೆ ಅಡ್ಡಬಾರದ ಗಿಡ್ಡ ಪರದೆ. ದೊಡ್ಡ ಮಂಚದ ಕ್ವಿಲ್ಟು ಏಳೆಂಟು ಅಡಿ ಇರುತ್ತದೆ. ಒಂದನ್ನು ತೂಗುಹಾಕಿದರೆ ಹಿಂದಿನ ಗೋಡೆ ಮುಗಿಯಿತು. ಹಾಗಾಗಿ ಆ ಒಂದು ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಪರದೆಯ ಬಟ್ಟೆ ಕ್ವಿಲ್ಟಿನ ಭಾರ ತಾಳುವುದಿಲ್ಲ. ಮೇಲಿನ ಕೊಳವೆಗೇ ಕೊಕ್ಕೆ ಹಾಕಬೇಕು. ಅಲಂಕಾರದ ಬಟ್ಟೆ ಬೇಗ ಬೆಂಕಿ ಹಿಡಿಯುವಂಥದಾಗಿರಬಾರದೆಂಬ ಕಟ್ಟಳೆಯುಂಟು. ಮೇಜಿನ ಹೊದಿಕೆ ನೆಲ ಮುಟ್ಟಬೇಕು. ಅದರ ಕೆಳಗೆ ಖಾಲಿ ಪೆಟ್ಟಿಗೆ, ಏಣಿ, ಸುತ್ತಿಗೆ, ತಿಂಡಿಯ ಡಬ್ಬಿ ಎಲ್ಲ ಅಡಗಬೇಕು. ದೀಪವನ್ನು ಎದುರಿನಿಂದ ಬೀರಿದರೆ ಬಣ್ಣವಷ್ಟೇ ಕಾಣುತ್ತದೆ. ಓರೆಯಾಗಿ ಬೀರಿದರೆ ಹೊಲಿಗೆಯ ಉಬ್ಬುತಗ್ಗುಗಳು ಎದ್ದು ಬರುತ್ತವೆ. ನಮ್ಮ ದೇವಾಲಯಗಳ ಹೊರಗೋಡೆಯ ಶಿಲ್ಪವನ್ನು ಸಂಜೆಯ ಬಿಸಿಲಿನಲ್ಲಿ ನೋಡಬೇಕು ಎಂದು ಹೇಳುವುದು ಇದೇ ಕಾರಣಕ್ಕಲ್ಲವೆ?

ಮುಖ್ಯವಾದ ಮಾತು ಇನ್ನೊಂದಿದೆ. ಮಾರುವುದು ಬಟ್ಟೆಯ ಥಾನನ್ನು, ತೋರಿಸುವುದು ಕ್ವಿಲ್ಟನ್ನು. ಥಾನಿನಲ್ಲಿ ಸುತ್ತಿಟ್ಟ ಹೂವಿನ ಬಟ್ಟೆ ಯಾರಿಗೂ ಏನೂ ಹೇಳುವುದಿಲ್ಲ. ಅದೇ ಬಟ್ಟೆಯಿಂದ ಹೊಲಿದ ಕ್ವಿಲ್ಟು ಹಿಂದಿನ ಪರದೆಯ ಮೇಲೆ ತೂಗುತ್ತಿದ್ದರೆ ಅಂಗಡಿಯಾಕೆ ಗಕ್ಕನೆ ನಿಲ್ಲುತ್ತಾಳೆ. ತನ್ನ ಊರಿನ ಗಿರಾಕಿಗಳೂ ಹೀಗೆಯೇ ನಿಂತಾರು ಎಂದು ಊಹಿಸಿಕೊಳ್ಳುತ್ತಾಳೆ. ಬೇಡಿಕೆ ಬರೆಸುತ್ತಾಳೆ. ಬಟ್ಟೆ ಅವಳ ಅಂಗಡಿಗೆ ಬಂದು ಸೇರುವುದು ತಿಂಗಳುಗಳ ಮೇಲೆ. ಗಿರಣಿಯಿಂದ ಮೊದಲು ಬರುವುದು ಕೆಲವೇ ಗಜ ಮಾದರಿ ಬಟ್ಟೆ. ಅದು ಕೈಗೆ ಬಂದದ್ದೇ ತಡ, ಮೇಳದ ದಿನಕ್ಕೆ ಕ್ವಿಲ್ಟು ಸಿದ್ಧವಾಗಬೇಕು. ಬಟ್ಟೆಯ ಚಿತ್ತಾರ ಬರೆದವರು ಒಬ್ಬರು, ಚೂರುಗಳನ್ನು ಕೂಡಿಸಿದವರು ಇನ್ನೊಬ್ಬರು, ಯಂತ್ರದ ಮೇಲೆ ಹೊಲಿಗೆ ಹಾಕಿದವರು ಮತ್ತೊಬ್ಬರು. ಕೆಲವರಿಗೆ ಹಣ, ಕೆಲವರಿಗೆ ಬಟ್ಟೆಯೇ ಕೂಲಿ. ಮಳಿಗೆಯ ನೆತ್ತಿಯ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರು ಮಾತ್ರ ಕಂಪನಿಯದು. 1933ರ ಕೆಂಟಕಿಯ ಪ್ರಶ್ನೆ ಹೀಗೆ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆದರೆ ಈ ಸಲ ಉತ್ತರವೂ ಬೆಳೆಯಿತು. ಪ್ರದರ್ಶನಕ್ಕೆ ಕಳುಹಿಸುವ ಕ್ವಿಲ್ಟಿನ ಬೆನ್ನಿಗೆ ಎರಡು ತುಂಡು ಬಟ್ಟೆ ಹೊಲಿಯುವುದು ಈಗ ರೂಢಿಯಾಗಿದೆ. ಮೇಲಂಚಿಗೆ ಸುಮಾರು 4 ಅಂಗುಲದ ಒಂದು ತೋಳು. ಅದರೊಳಗೆ ಕೋಲು ತೂರಿಸಿ ತೂಗುಹಾಕುತ್ತಾರೆ. ಕೆಳಗಿನ ಮೂಲೆಗೆ ಒಂದು ಚೀಟಿ. ಅದರ ಮೇಲೆ ಹೊಲಿದವರ ಹೆಸರು, ಊರು, ವರ್ಷ. ಒಬ್ಬರು ಕೂಡಿಸಿ ಇನ್ನೊಬ್ಬರು ಹೊಲಿಗೆ ಹಾಕಿದ್ದರೆ ಇಬ್ಬರ ಹೆಸರನ್ನೂ ಹೇಳುವುದು ಸ್ಪರ್ಧೆಗಳಲ್ಲಿ ಮರ್ಯಾದೆಯೆನಿಸಿಕೊಂಡಿದೆ. ಈ ಪ್ರದರ್ಶನಗಳಲ್ಲಿ ಬಿಳಿಯ ಕೈಚೀಲ ತೊಟ್ಟ ಸ್ವಯಂಸೇವಕರು ಓಡಾಡುತ್ತಿರುತ್ತಾರೆ. ನೋಡುವವರು ಕ್ವಿಲ್ಟನ್ನು ಮುಟ್ಟುವಂತಿಲ್ಲ. ಕೇಳಿಕೊಂಡರೆ ಅವರು ಅಂಚನ್ನು ಮೆಲ್ಲನೆ ಎತ್ತಿ ಬೆನ್ನು ತೋರಿಸುತ್ತಾರೆ. ಬಲ್ಲವರು ಮುಖ ನೋಡಿ ತೃಪ್ತರಾಗುವುದಿಲ್ಲ. ಹೊಲಿಗೆಯ ನಿಜ ತಿಳಿಯುವುದು ಬೆನ್ನಿನಲ್ಲಿ. ಹೆಸರು ಇರುವುದೂ ಅಲ್ಲಿಯೇ.

2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿಯಲ್ಲಿ, ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕ್ವಿಲ್ಟುಗಳು ಗೋಡೆಯೇರಿದವು. ಹೊಲಿದವರು ಗುಲಾಮರ ಸಂತತಿಯ ಬಡ ರೈತ ಹೆಂಗಸರು. ಆ ಪ್ರಾಂತದ ಹೆಂಗಸರು 1966ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಅದು 1970ರ ದಶಕದಲ್ಲಿ ಅದೇ ಸಿಯರ್ಸ್ ಕಂಪನಿಗೆ ದಿಂಬಿನ ಕವಚಗಳನ್ನು ಹೊಲಿದುಕೊಡುತ್ತಿತ್ತು. ಮಿಕ್ಕ ದಪ್ಪ ಬಟ್ಟೆಯ ಚೂರುಗಳು ಅವರ ಮನೆಯ ಕ್ವಿಲ್ಟುಗಳಾದವು. ಕಂಪನಿಗೆ ಹೊಲಿದ ಕವಚಗಳನ್ನು ಯಾರೂ ನೆನೆಯುವುದಿಲ್ಲ. ಉಳಿದ ಚೂರುಗಳಿಂದ ಹೊಲಿದದ್ದು ಸಂಗ್ರಹಾಲಯ ಸೇರಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಜೀಸ್ ಬೆಂಡ್ ಕ್ವಿಲ್ಟುಗಳ ಅಂಚೆಚೀಟಿಗಳನ್ನೂ ಹೊರಡಿಸಿತು. 1971ರಲ್ಲಿ ಹೆಸರಿಲ್ಲದ ಕ್ವಿಲ್ಟುಗಳನ್ನು ತೂಗುಹಾಕಿದ್ದ ವಿಟ್ನಿಯಲ್ಲಿ, ಮೂವತ್ತೊಂದು ವರ್ಷದ ಮೇಲೆ, ಕ್ವಿಲ್ಟಿನ ಪಕ್ಕದಲ್ಲಿ ಹೊಲಿದವಳ ಹೆಸರೂ ಇತ್ತು.

ಇಷ್ಟು ದೂರದ ಚರಿತ್ರೆಗೂ ನಮಗೂ ಒಂದು ನೇರವಾದ ನಂಟಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿದರು. ಅವರ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅವರ ಕ್ರಮ. ಮೂಲೆಗಳಿಗೆ ಮಡಿಸಿದ ಮುಕ್ಕೋನದ ಬಟ್ಟೆಯ ‘ಫೂಲ’ ಇಡುತ್ತಾರೆ. ಆ ಹೂವಿಲ್ಲದೆ ಕವಂದಿಗೆ ಲಕ್ಷಣವಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಶತಮಾನದ ಮೊದಲ ದಶಕದಲ್ಲಿ ಇವುಗಳನ್ನು ಅಭ್ಯಾಸ ಮಾಡಿದರು. ಸಿದ್ದಿ ಹೆಂಗಸರ ಸಹಕಾರ ಕೂಟಕ್ಕೆ ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಆಫ್ರಿಕದಿಂದ ಪೂರ್ವಕ್ಕೆ ಒಯ್ದವರ ಮಕ್ಕಳ ಹೊಲಿಗೆಯನ್ನು, ಪಶ್ಚಿಮಕ್ಕೆ ಒಯ್ದವರ ಮಕ್ಕಳು ಹಾರ್ಲೆಮ್‌ನಲ್ಲಿ ನಿಂತು ನೋಡಿದರು.

ನಮ್ಮ ಬಯಲುಸೀಮೆಯ ಕೌದಿಗೆ ಇನ್ನೂ ಆ ಭಾಗ್ಯ ಪೂರ್ತಿಯಾಗಿ ಬಂದಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಕೌದಿ ಹೊಲಿಯುವ ಹೆಂಗಸರು ಮನೆಬಾಗಿಲಿಗೆ ಬಂದು, ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು, ಕಾಳಿಗೋ ಕಾಸಿಗೋ ಹೊಲಿದುಕೊಟ್ಟು ಹೋಗುವುದುಂಟು. ಇದು ಯಾರ ಸೀರೆ, ಯಾವ ಮದುವೆಯದು ಎಂದು ಮನೆಯವರು ಚೂರು ಚೂರಿಗೂ ಹೇಳಬಲ್ಲರು. ಹೊಲಿದವಳ ಹೆಸರನ್ನು ಕೇಳಿ ನೋಡಿ. ಈಗ ಕೌದಿ ಪೇಟೆಯ ಕರಕುಶಲ ಮೇಳಗಳಿಗೂ ಬಂದಿದೆ. ನಾವು ನಿಂತು ನೋಡುತ್ತೇವೆ, ಬಣ್ಣ ಮೆಚ್ಚುತ್ತೇವೆ, ಬೆಲೆ ಚೌಕಾಸಿ ಮಾಡುತ್ತೇವೆ. ಬೆಲೆಯ ಚೀಟಿ ಎದುರಿಗೇ ಇರುತ್ತದೆ. ಕೌದಿಯ ಬೆನ್ನಿಗೆ ಅಂಗೈಯಗಲದ ಇನ್ನೊಂದು ಬಟ್ಟೆಯ ತುಂಡನ್ನು ಹೊಲಿದು, ಹೆಸರು, ಊರು, ವರ್ಷ ಬರೆಯಲು ಹೆಚ್ಚು ಖರ್ಚೇನೂ ಇಲ್ಲ. ಅರ್ಧ ಗಂಟೆಯ ಕೆಲಸ. ಮಳಿಗೆ ಇಡುವವರು ಇಷ್ಟು ಮಾಡಲಿ. ಕೊಳ್ಳುವವರು ಅಂಚನ್ನೆತ್ತಿ ಅದನ್ನು ಓದಲಿ. ಹೆಸರಿಲ್ಲದಿದ್ದರೆ, ಬೆಲೆ ಕೇಳುವ ಮೊದಲು, ಇದನ್ನು ಹೊಲಿದವರು ಯಾರು ತಾಯಿ ಎಂದು ಕೇಳಲಿ.